ತಾಯಿ ಒಂದೇ ಮೇಲೆ ಬಂತು

ಮಾರ್ಚ್ ೯, ಸೋಮವಾರ

ಮರಿ ಏನಾಯಿತೋ. ಬೆಳಿಗ್ಗೆ ತಾಯಿ ತಿಮಿಂಗಿಲದ ಪಕ್ಕದಲ್ಲೇ ಇತ್ತು. ಕಂಡ ಕೂಡಲೇ ಕೂಗಿ, ಸಮುದ್ರತಳಕ್ಕೆ ಕಂಬ ಬಡಿಯುವುದನ್ನು ನಿಲ್ಲಿಸಿದೆ. ಆಮೇಲೆ ಸಂಜೆಯವರೆಗೂ ತಾಯಿ ಒಂದೇ ಅಲ್ಲೇ ಸುತ್ತುತ್ತಿತ್ತು.

ಈ ಹಡಗಿನ ಕ್ಯಾಪ್ಟನ್ ನನ್ನ ಅಕ್ಕನ ಗಂಡ. ತಿಮಿಂಗಿಲ ಹತ್ತಿರ ಬಂದರೆ ಬಡಿತ ನಿಲ್ಲಿಸುವ ಈ ಕಾವಲು ಕೆಲಸ ಕೊಡಿಸಿದ್ದೂ ಅವರೇ. ನನ್ನ ದುರ್ಬೀನು ಇಸಿದುಕೊಂಡು ನೋಡಿದರು.

"ಮರಿ ಕೆಳಗಿರತ್ತೆ ಬಿಡು. ಜನ ಕೈಕಟ್ಕೊಂಡು ಕೂತಿದಾರೆ, ಶುರು ಮಾಡಿಸ್ಲಾ?"

"ತಾಯಿ ಹೋಗೋವರೆಗೂ ಬೇಡ ಭಾವ."

"ನಿನ್ನ ಕರ್ಕೊಂಡ್ಬಂದು ನನ್ನ ಕಾಲ್ಮೇಲೆ ನಾನೇ ಕಲ್ಲು ಹಾಕ್ಕೊಂಡೆ."

ಆದರೂ ಶುರು ಮಾಡಿಸಲಿಲ್ಲ.

ಊಟದಲ್ಲಿ ಯಾರೂ ನನ್ನೊಡನೆ ಮಾತಾಡಲಿಲ್ಲ. ಅದು ಹಾಳಾಗಲಿ. ನನ್ನ ಕಣ್ಣಿಗೆ ಬೀಳುವ ಮೊದಲೇ, ಮರಿಯ ಕಿವಿಯನ್ನೇ ಕೆಡಿಸಬಲ್ಲ ಆ ಬಡಿತ ಎಷ್ಟು ಹೊತ್ತು ಅವುಗಳ ಕಿವಿಗೆ ಬಿದ್ದಿತ್ತೋ! ಆಗ ನಾನು ಬೇರೆ ದಿಕ್ಕಿಗೆ ನೋಡುತ್ತಿದ್ದೆ.

ಈಗ ಕಿಟಕಿಯಾಚೆ ತಾಯಿಯ ಉಸಿರು ಕೇಳುತ್ತಿದೆ. ಪ್ರತಿಸಲವೂ ಅದರ ಹಿಂದೆಯೇ ಇನ್ನೊಂದು, ಚಿಕ್ಕದು, ಕೇಳೀತೇನೋ ಎಂದು ಕಿವಿಗೊಟ್ಟು ಕೂತಿದ್ದೇನೆ.