ಪಕ್ಕದ ಸೀಟಿನ ಬಿಸಿ

ಪ್ರೀತಿಯ ಡೆಲ್ಬರ್ಟ್,

ಗಾಲಿಯ ಮೇಲಿನ ನಮ್ಮ ಮನೆ, ಈ ಮೋಟಾರ್‌ಹೋಮ್ ಮಾರಿಬಿಡು ಎಂದು ಆಸ್ಪತ್ರೆಯಿಂದ ಬರೆದಿದ್ದೀಯ. ಮಾರಿಲ್ಲ. ಕಾಲಿಗೆ ಬಿಸಿಗಾಳಿ ಕೊಡಬೇಕಾದ ಅದರ ಹೀಟರ್ ಕೋರ್ ಬದಲಾಯಿಸಿದ್ದೇನೆ.

ಅದು ಸೋರುತ್ತದೆಂದು ನೀನು, ಎಂಜಿನ್ನಿನ ಬಿಸಿನೀರು ಅದಕ್ಕೆ ಹೋಗದ ಹಾಗೆ, ಎರಡೂ ಪೈಪುಗಳನ್ನು ಎಂಜಿನ್ ಹತ್ತಿರವೇ ಒಂದಕ್ಕೊಂದು ಸೇರಿಸಿ, "ಬರೋ ಬೇಸಿಗೇಲಿ ಸರಿ ಮಾಡ್ತೀನಿ ಕಣೇ" ಅಂದಿದ್ದೆ. ಆಮೇಲೆ ಎಷ್ಟು ಬೇಸಿಗೆ ಬಂದು ಹೋದವೋ! ಮೊಂಟಾನಾದ ಹಿಮದಲ್ಲೂ ನಾನು ಪಕ್ಕದ ಸೀಟಿನಲ್ಲಿ ಕಾಲಿಗೆ ಕಂಬಳಿ ಸುತ್ತಿಕೊಂಡು ನಿನಗೆ ದಾರಿ ಹೇಳುತ್ತಿದ್ದೆ.

ಪಕ್ಕದ ಟ್ರೇಲರಿನ ಗಸ್ ಸಹಾಯಕ್ಕೆ ಬಂದ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಹಾಸಿಗೆಯ ಮೇಲೆ ಹರಡಿದಾಗ, "ನಿನ್ ಗಂಡ ಇದನ್ನ ನೋಡಿದ್ರೆ ಮತ್ತೆ ಎದೆ ಹಿಡ್ಕೊಂಡ್ ಕೂರ್ತಾನೆ, ಅರ್ಲೀನ್" ಅಂದ. ಎಲ್ಲ ವಾಪಸ್ ಜೋಡಿಸಿದ್ದೇವೆ. ಒಂದು ಸ್ಕ್ರೂ ಮಾತ್ರ ಮಿಕ್ಕಿದೆ, ಗಸ್‌ಗೆ ಹೇಳಬೇಡ.

ಹಳೆಯ ಕೋರನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಊದಿ ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ! ಇಷ್ಟು ವರ್ಷ ಸಡಿಲವಾಗಿದ್ದದ್ದು ಪೈಪನ್ನು ಬಿಗಿದಿಡುವ ಕ್ಲಾಂಪ್ ಒಂದೇ. ನಿನ್ನನ್ನು ಬೈಯಲೆಂದೇ ಈ ಕಾಗದ ಶುರುಮಾಡಿದೆ. ಅಷ್ಟರಲ್ಲಿ, ಪ್ರತಿ ಪೆಟ್ರೋಲ್ ಬಂಕಿನಲ್ಲೂ ನೀನು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆಚ್ಚಗಾಗುವವರೆಗೆ ಉಜ್ಜುತ್ತಿದ್ದದ್ದು ನೆನಪಾಯಿತು.

ಇನ್ನು ನೀನು ಗಾಡಿ ಓಡಿಸಬಾರದು ಎಂದು ಡಾಕ್ಟರು ಹೇಳಿದ್ದಾರೆ. ಓಡಿಸಬೇಡ. ಶುಕ್ರವಾರ ಆಸ್ಪತ್ರೆಯ ಬಾಗಿಲಿಗೇ ಗಾಡಿ ತರುತ್ತೇನೆ. ಕನ್ನಡಕ ಮರೆಯದೆ ತಾ, ದಾರಿ ನೋಡಿ ಹೇಳುವವನು ನೀನೇ. ಪಕ್ಕದ ಸೀಟು ಈಗ ಬೆಚ್ಚಗಿದೆ. ಆದರೂ ಮೊದಲ ಬಂಕಿನಲ್ಲಿ ಕಾಲು ನನ್ನ ತೊಡೆಯ ಮೇಲಿಡು.

ನಿನ್ನ ಡ್ರೈವರ್,
ಅರ್ಲೀನ್