ಮೆತ್ತಗಿದ್ದ ಬೆನ್ನು

ಮಳವಳ್ಳಿ, ೧೪ ಆಗಸ್ಟ್ ೧೯೭೪, ಬುಧವಾರ

ಇವರ ಬೆನ್ನು ಉಳುಕಿದೆ ಎಂಬ ಮಾತನ್ನು ನಾನು ನಂಬುತ್ತಿಲ್ಲ.

ಕಾಲು ಮುಂದಾಗಿ ಹುಟ್ಟಿದ ಬೀರಮ್ಮ ತುಳಿದರೆ ಉಳುಕು ಬಿಡುತ್ತದೆಂದು ಇವತ್ತೂ ಅವಳನ್ನೇ ಕರೆಸಿದರು. ಬೋರಲು ಮಲಗಿದವರನ್ನು ತುಳಿಯುತ್ತ, “ಸುಮ್ಕೆ ಮನೀಕಳಿ ಸ್ವಾಮಿ, ಒದೆಸ್ಕಳಕೂ ನಾಚ್ಕೆಯಾ?” ಎಂದು ನಕ್ಕಳು. ಇವರೂ ಹಲ್ಲು ಕಚ್ಚಿ ನಕ್ಕರು.

ಆಮೇಲೆ ಎಣ್ಣೆ ಹಚ್ಚುವ ನೆಪದಲ್ಲಿ ಬೆನ್ನುಮೂಳೆಯ ಎರಡೂ ಬದಿ ಒತ್ತಿ ನೋಡಿದೆ. ಹೈಸ್ಕೂಲಿನಲ್ಲಿ ನಾನೇ ಪಾಠ ಮಾಡುವ ಸ್ನಾಯುಗಳು. ಉಳುಕಿದ್ದರೆ ಒಂದಾದರೂ ಹಗ್ಗದಂತೆ ಬಿಗಿದಿರಬೇಕಿತ್ತು. ಎಲ್ಲವೂ ಮೆತ್ತಗಿದ್ದವು.

“ನೋವು ಎಲ್ಲಿ?”

“ಇನ್ನೂ ಒಳಗೆ,” ಎಂದವರು ತಕ್ಷಣ, “ಉಳುಕೇ ಕಣೇ ಕನಕ. ನಿನ್ನ ಪಾಠ ಸಾಕು,” ಎಂದು ಅಂಗಿ ಎಳೆದುಕೊಂಡರು.

ಹೋದ ವಾರ ಕಾರಣ ಹೇಳದೆ ಮಂಡ್ಯಕ್ಕೆ ಹೋಗಿದ್ದರು. “ಡಾಕ್ಟರು ಏನಂದರು?” ಎಂದು ಸುಮ್ಮನೆ ಊಹೆಯ ಮೇಲೆ ಕೇಳಿಬಿಟ್ಟೆ.

“ಯಾವ ಡಾಕ್ಟರು?” ಎನ್ನಲಿಲ್ಲ. “ಹಬ್ಬ ಕಳೀಲಿ, ಹೇಳ್ತೀನಿ,” ಎಂದರು.