ಮೆಟ್ಟಿಲಿಂದ ಬಿದ್ದವಳು

೧೪ ಜುಲೈ, ಭಾನುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಮ್ಮನ ನೂರು ಮುತ್ತು. ಇಪ್ಪತ್ತೊಂಬತ್ತು ತುಂಬಿದವಳಿಗೆ ಇದೇನು ಮುತ್ತು ಎಂದು ಮೂಗು ಮುರಿಯಬೇಡ. ಪತ್ರ ತಡವಾಯಿತು, ಕ್ಷಮಿಸು. ಮೂರು ಸಲ ಬರೆದೆ, ಮೂರು ಸಲವೂ ಹರಿದೆ. ಫೋನ್ ಮಾಡೋಣವೆಂದರೆ ನೀನು ಎತ್ತುವುದಿಲ್ಲ. ಮೆಸೇಜಿನಲ್ಲಿ ಬರೆಯುವಂಥ ವಿಷಯವೂ ಅಲ್ಲ ಇದು.

ನಿಮ್ಮಪ್ಪನ ಕಾದಂಬರಿ ಹೋದ ಭಾನುವಾರ ಬಿಡುಗಡೆಯಾಯಿತು. ಗ್ರಂಥಾಲಯದ ಮಹಡಿಯಲ್ಲಿ, ನಮ್ಮ ಬುಧವಾರದ ಕೂಟ ಸೇರುವ ಹಾಲಿನಲ್ಲೇ. ಕುಡಿಯುವವರ ಹೆಂಡತಿ, ತಾಯಿ, ಅಕ್ಕತಂಗಿಯರು ವಾರಕ್ಕೊಮ್ಮೆ ಕೂತು ಅತ್ತು ಹಗುರಾಗುವ ಜಾಗ ಅದು. ಪುಸ್ತಕವೂ ಅವರದೇ ಕಥೆಯಲ್ಲವೇ ಎಂದು ಪ್ರಕಾಶಕರು ಅಲ್ಲೇ ಇಟ್ಟುಕೊಂಡರು. ಮೈಕು ಕೈಕೊಟ್ಟಿತು. ಮುಖ್ಯ ಅತಿಥಿ ಪುಸ್ತಕ ಓದದೆ ಬಂದು ಮುಕ್ಕಾಲು ಗಂಟೆ ಹೊಗಳಿದ. ಕಥಾನಾಯಕ ಕೊನೆಗೆ ಕುಡಿತ ಬಿಡುತ್ತಾನೆ ಎಂಬುದೂ ಆ ಮಹಾನುಭಾವನಿಗೆ ಗೊತ್ತಿರಲಿಲ್ಲ. ನಾಯಕ ಸತ್ತನೆಂದು ಹೇಳಿ ಕಣ್ಣು ಬೇರೆ ಒರೆಸಿಕೊಂಡ. ನಿಮ್ಮಪ್ಪ ನನ್ನ ಕಿವಿಯಲ್ಲಿ, "ಸ್ವಲ್ಪ ಅವಸರ ಮಾಡಿದ ಅಷ್ಟೇ ಕಣೇ. ಇನ್ನೆರಡು ತಿಂಗಳು ಕಾದಿದ್ರೆ ನಿಜ ಆಗ್ತಿತ್ತು" ಎಂದರು.

ನಗಬೇಕೋ ಅಳಬೇಕೋ ಹೇಳು. ಕುಡಿತ ಬಿಟ್ಟು ಆರು ವರ್ಷವಾದರೂ ಲಿವರ್ ಅವರನ್ನು ಕ್ಷಮಿಸಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡು ಬರುತ್ತೇವೆ. ಕಾಲು ಊದಿ ಚಪ್ಪಲಿಯೂ ಹಿಡಿಸುವುದಿಲ್ಲ, ಅದಕ್ಕೇ ವೇದಿಕೆಯನ್ನು ಬರಿಗಾಲಲ್ಲಿ ಹತ್ತಿದರು. ಜನ ಅದನ್ನು ವಿನಯ ಎಂದುಕೊಂಡರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನೋಡಬೇಕಾದವರಿಗೆಲ್ಲ ಹೇಳಿಬಿಡಿ ಅಮ್ಮ" ಎಂದಿದ್ದಾರೆ. ನೋಡಬೇಕಾದವಳು ನೀನೊಬ್ಬಳೇ.

ಮಾರ್ಚಿನಲ್ಲಿ ಪುಸ್ತಕದ ವಿಷಯ ಹೇಳಿ ಬಾ ಎಂದು ನಾನು ಫೋನ್ ಮಾಡಿದಾಗ ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮಾ, ನನ್ನ ಕೈ ಮುರಿದ ದಿನದ ವಿಷಯ ಪುಸ್ತಕದಲ್ಲಿ ಇದ್ಯಾ? ಇದ್ರೆ ಬರ್ತೀನಿ. ಇಲ್ಲಾಂದ್ರೆ ಇನ್ನು ನನ್ನನ್ನ ಕರೀಬೇಡ." ಇಲ್ಲ ಎಂದೆ. ನೀನು ಫೋನ್ ಇಟ್ಟುಬಿಟ್ಟೆ. ಕುಡಿದ ಅಮಲಿನಲ್ಲಿ ಒಂಬತ್ತು ವರ್ಷದ ಮಗಳನ್ನು ಗೋಡೆಗೆ ತಳ್ಳಿದವನು, ಅದೊಂದನ್ನು ಬಿಟ್ಟು ಇನ್ನೂರೈವತ್ತು ಪುಟ ಬರೆದ ಎಂದರೆ ಯಾರಿಗಾದರೂ ಮೈ ಉರಿಯುತ್ತದೆ. ನಿನ್ನ ಸಿಟ್ಟಿನಲ್ಲಿ ತಪ್ಪೇನೂ ಇಲ್ಲ. ಚಳಿಗೆ ಮೊಣಕೈ ಈಗಲೂ ನೋಯುತ್ತದಾ?

ಸಭೆ ಮುಗಿಯುವ ಹೊತ್ತಿಗೆ ಕೂಟದ ಹುಡುಗಿಯೊಬ್ಬಳು ಎದ್ದು ನಿಂತಳು. ಹೊಸಬಳು, ಗಂಡ ಲಾರಿ ಓಡಿಸುತ್ತಾನೆ, ಸೊಂಟದ ಮೇಲೆ ಮಗು. ಕೂಟದವರಿಗೆಲ್ಲ ವಾರ ಮೊದಲೇ ಪ್ರತಿ ಕೊಟ್ಟಿದ್ದೆವು. "ಸರ್, ಪೂರ್ತಿ ಓದ್ದೆ. ಗಂಡ ಇದ್ದಾನೆ, ಹೆಂಡ್ತಿ ಇದ್ದಾಳೆ, ಮಕ್ಕಳೇ ಇಲ್ವಲ್ಲ? ನಿಮಗೆ ಮಕ್ಕಳಿಲ್ವಾ?" ಎಂದಳು. ನಿಮ್ಮಪ್ಪ ನನ್ನ ಕಡೆ ನೋಡಿದರು. ಆಮೇಲೆ, "ಒಬ್ಬಳಿದ್ದಾಳಮ್ಮ. ಅವಳ ವಿಷಯ ಬರೆಯೋ ಹಕ್ಕು ನನಗಿಲ್ಲ" ಎಂದು ಕೂತುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹೊರಡುವಾಗ ಅದೇ ಹುಡುಗಿ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ನೀವು ಹೇಳ್ದಂಗೇ ಮಾಡ್ದೆ. ಲಾರಿ ಮಾಲೀಕರು ಫೋನ್ ಮಾಡಿದಾಗ ಜ್ವರ ಅನ್ಲಿಲ್ಲ, ಕುಡ್ದು ಬಿದ್ದಿದಾರೆ ಅಂದೆ ಅಕ್ಕಾ" ಎಂದಳು. ಪ್ರತಿ ಬುಧವಾರ ನಾನು ಅವರಿಗೆ ಬಡಿದುಕೊಂಡು ಹೇಳುವುದು ಅದೊಂದೇ: ಮುಚ್ಚಿಡಬೇಡಿ, ಅವರಿಗಾಗಿ ಸುಳ್ಳು ಹೇಳಬೇಡಿ. ಭೇಷ್ ಮಗಳೇ ಎಂದು ಬೆನ್ನು ತಟ್ಟಿದೆ. ಮನೆಗೆ ಬಂದು ನಿನಗೆ ಮೊದಲ ಪತ್ರ ಬರೆದೆ, ಹರಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಲಸ ಕೆಲಸ ಎಂದು ನಿದ್ದೆಗೆಡಬೇಡ. ಎಲ್ಲಿದ್ದರೂ ತಣ್ಣಗಿರು ತಾಯಿ, ನನ್ನ ಆಯಸ್ಸೂ ನಿನಗೇ ಸೇರಲಿ.

ನಿನ್ನ
ಅಮ್ಮ

ತಾ.ಕ.: ಸುತ್ತಿ ಬಳಸಿ ಇಷ್ಟು ತುಂಬಿಸಿದೆ, ಹೇಳಬೇಕಾದ್ದು ಮಾತ್ರ ಗಂಟಲಲ್ಲೇ ಉಳಿಯಿತು. ಆ ದಿನದ ವಿಷಯ ಅಪ್ಪ ಬರೆದಿದ್ದರು, ಪುಟ್ಟಿ. ಇಡೀ ಒಂದು ಅಧ್ಯಾಯ. ಅವರು ಬರೆದದ್ದನ್ನು ಟೈಪ್ ಮಾಡುವವಳು ನಾನಲ್ಲವೇ, ನಾನೇ ಅದನ್ನು ಕೈಬಿಟ್ಟೆ. ಅಚ್ಚಿಗೆ ಮೊದಲು ಕರಡು ನೋಡಿ, ಆ ಅಧ್ಯಾಯ ಎಲ್ಲಿ ಎಂದು ಕೇಳಿದರು. "ಮಗಳೇ ಫೋನ್ ಮಾಡಿ ಬೇಡ ಅಂದ್ಲು. ನನ್ನ ವಿಷಯ ಬರೆಯೋಕೆ ಅವರಿಗೇನು ಹಕ್ಕು ಅಂದ್ಲು" ಎಂದೆ. ಅವತ್ತಿನಿಂದ ಅವರು ಮನೆಯಲ್ಲಿ ನಿನ್ನ ಹೆಸರೆತ್ತಿಲ್ಲ.

ಅವರ ಮಾನ ಉಳಿಸುವುದಕ್ಕೆ ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನಿನ್ನನ್ನು ತಳ್ಳಿದ್ದನ್ನು ಅವರು ಆ ಅಧ್ಯಾಯದ ಮೊದಲ ಪುಟದಲ್ಲೇ ಬರೆದಿದ್ದಾರೆ, ಒಂದು ನೆಪ ಕೂಡ ಹೇಳಿಕೊಂಡಿಲ್ಲ. ಉಳಿದ ಎಂಟು ಪುಟ ನನ್ನ ಕಥೆ. ಆಸ್ಪತ್ರೆಯ ದಾರಿಯಲ್ಲಿ, "ಮೆಟ್ಟಿಲಿಂದ ಬಿದ್ದೆ ಅನ್ನು" ಎಂದು ನಿನ್ನ ಬಾಯಲ್ಲಿ ಮೂರು ಸಲ ಹೇಳಿಸಿದ್ದು. ಡಾಕ್ಟರು ಏನಾಯ್ತು ಮರಿ ಎಂದಾಗ ನೀನು ನನ್ನ ಮುಖ ನೋಡಿದ್ದು, ನಾನು ಹೂಂ ಎಂದು ತಲೆಯಾಡಿಸಿದ್ದು, ನೀನು ಪಾಠ ಒಪ್ಪಿಸಿದಂತೆ ಹೇಳಿದ್ದು. ನಿಮ್ಮಪ್ಪ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ನೋಡಿದ್ದಾರೆ. ಅಮಲಿನಲ್ಲಿದ್ದಾರೆ, ನೆನಪಿರುವುದಿಲ್ಲ ಎಂದುಕೊಂಡಿದ್ದೆ. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಎಂದು ಕೂಟದ ಹೆಂಗಸರು ನನಗೆ ಉಗಿಯುತ್ತಾರೆ ಎಂಬ ಹೆದರಿಕೆಗೆ, ನಿನ್ನನ್ನೂ ಅಪ್ಪನನ್ನೂ ದೂರ ಮಾಡಿದೆ.

ಒಂಬತ್ತು ಹಾಳೆಗಳೂ ಇದರೊಳಗಿವೆ, ಅವರ ಕೈಬರಹದಲ್ಲೇ. ಅವರಿಗೆ ಇವತ್ತು ಸಂಜೆ ಹೇಳುತ್ತೇನೆ. ಇದನ್ನು ಅಂಚೆಡಬ್ಬಿಗೆ ಹಾಕಿ ಬಂದ ಮೇಲೆ. ಮೊದಲೇ ಹೇಳಿದರೆ ಹಾಕುವ ಧೈರ್ಯ ಉಳಿಯುವುದಿಲ್ಲ.

ಬೇಗ ಬಾ. ನೀನು ಬಂದಾಗ ನಾನು ಅಪ್ಪನ ಕೋಣೆಯಲ್ಲಿ ಇರುವುದಿಲ್ಲ. ಅಪ್ಪ ಏನೇ ಕೇಳಲಿ, ಈ ಸಲ ನನ್ನ ಮುಖ ನೋಡದೆ ಉತ್ತರ ಹೇಳು.